ಉಪ್ಪಿನ ಋಣವೂ ನುಡಿಯ ಋಣವೂ

ಉಂಡ ಮನೆಯ ಜಂತೆಯನ್ನು ಎಣಿಸಬಾರದೆಂದು ನಮ್ಮ ಹಿರಿಯರು ಹೇಳುವದುಂಟು. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದೆಂಬ ಮಾತನ್ನಂತೂ ದನ ಕಾಯುವ ಹುಡುಗನೂ ಬಲ್ಲನು. ಇವು ಒಳ್ಳೇ ಮಾತುಗಳೇ. ಯಾಕಂದರೆ ಮಾಡಿದ ಉಪಕಾರವನ್ನು ನೆನೆಯದವನು ಮನೆಗೂ ಭಾರ, ಊರಿಗೂ ಭಾರ. ಆದರೆ ಪ್ರಿಯ ವಾಚಕರೇ, ಇದೇ ಮಾತುಗಳ ಮರೆಯಲ್ಲಿ ಎಷ್ಟೋ ಅನ್ಯಾಯಗಳು ನಡೆಯುವದನ್ನೂ ನಾವು ನೋಡಿದ್ದೇವೆ. ಗೌಡನ ಕಣದಿಂದ ನಾಲ್ಕು ಸೇರು ಜೋಳವನ್ನು ತಂದವನು ಪಂಚಾಯ್ತಿಯಲ್ಲಿ ಗೌಡನ ಮಾತು ಬಂದ ಕೂಡಲೆ ತಲೆ ತಗ್ಗಿಸಿ ಕೂತುಬಿಡುತ್ತಾನೆ. ಕಂಡದ್ದನ್ನು ಕಂಡ ಹಾಗೆ ಹೇಳಪ್ಪಾ ಎಂದರೆ, ಅವರ ಉಪ್ಪು ತಿಂದಿದ್ದೇನೆ ಎನ್ನುತ್ತಾನೆ. ಹಾಗಾದರೆ ಅನ್ನವನ್ನು ಕೊಟ್ಟವನು ಅದರೊಡನೆ ನಾಲಿಗೆಯನ್ನೂ ಕೊಂಡುಕೊಂಡನೋ? ಕೊಳ್ಳಲಿಲ್ಲವಾದರೆ, ಅವನಿಗೆ ನಾವು ಸಲ್ಲಿಸತಕ್ಕದ್ದು ಏನು?

ಈ ಪ್ರಶ್ನೆಯು ಎಲ್ಲರಿಗೂ ಸಂಬಂಧಪಟ್ಟದ್ದಾದರೂ ಕವಿಗಳಿಗೆ ಎಲ್ಲರಿಗಿಂತ ಹೆಚ್ಚಾಗಿ ಸಂಬಂಧಪಟ್ಟದ್ದು. ಕೂಲಿಯವನು ತಿಂದ ಅನ್ನಕ್ಕೆ ಬೆವರನ್ನು ಕೊಟ್ಟು ತೀರಿಸುವನು, ಬಡಗಿಯು ನೇಗಿಲನ್ನು ಕೊಟ್ಟು ತೀರಿಸುವನು. ಕವಿಯ ಕೈಯಲ್ಲಿ ನುಡಿಯ ಹೊರತು ಬೇರೇನೂ ಇಲ್ಲ. ಆದದರಿಂದ ಅವನು ಅನ್ಯರ ಅನ್ನವನ್ನು ಉಂಡಾಗ ಕೊಡುವದಾದರೂ ನುಡಿಯನ್ನೇ ಕೊಡಬೇಕಾಗುತ್ತದೆ. ಕನ್ನಡದ ಕವಿಗಳು ಈ ಇಕ್ಕಟ್ಟಿನಲ್ಲಿ ಹೇಗೆ ನಡೆದುಕೊಂಡರೆಂಬದನ್ನು ನೋಡಿದರೆ ನಮ್ಮ ಪಂಚಾಯ್ತಿಯ ಕಟ್ಟೆಗೂ ಸ್ವಲ್ಪ ಬೆಳಕು ಬಿದ್ದೀತೆಂದು ಈ ಬರಹಕ್ಕೆ ಕೈಹಾಕಿದ್ದೇವೆ. ಜೈನ ಶೈವ ವೈಷ್ಣವ ಕವಿಗಳಿಂದ ನಮಗೇನಾಗಬೇಕೆಂದು ಯಾರಾದರೂ ಕೇಳಿದರೆ, ದಾಸರ ಪದಗಳನ್ನು 1850ರಲ್ಲಿ ಮಂಗಳೂರಿನ ಕಲ್ಲಚ್ಚಿನಲ್ಲಿ ಹಾಕಿಸಿದವರು ಮ್ಯೋಗ್ಲಿಂಗ್ ಪಾದ್ರಿಗಳೆಂಬದನ್ನೂ, ನಾಗವರ್ಮನ ಛಂದಸ್ಸಿನ ಗ್ರಂಥವನ್ನು 1875ರಲ್ಲಿ ಅಚ್ಚಿಗೆ ಸಿದ್ಧಪಡಿಸಿದವರು ಕಿಟ್ಟೆಲ್ ಪಾದ್ರಿಗಳೆಂಬದನ್ನೂ ನೆನಪಿಗೆ ತಂದು ಮುಂದೆ ಹೋಗುತ್ತೇವೆ.

ಮೊದಲನೆಯವನು ಪಂಪನು. ಇವನು ಹುಟ್ಟಿದ್ದು 902ರಲ್ಲಿ. ಈಗ ತೆಲಂಗಾಣಕ್ಕೆ ಸೇರಿರುವ ವೇಮುಲವಾಡವನ್ನು ಆಳುತ್ತಿದ್ದ ಚಾಲುಕ್ಯ ಮನೆತನದ ಅರಿಕೇಸರಿ ಎಂಬ ಅರಸನು ಅವನಿಗೆ ಆಶ್ರಯದಾತನು. ಆ ಅರಸನು ಸ್ವತಂತ್ರನಲ್ಲ, ರಾಷ್ಟ್ರಕೂಟರ ಕೈಕೆಳಗಿನ ಸಾಮಂತನು. ಪಂಪನಾದರೋ ಬರೀ ಓಲೆಗರಿ ಹಿಡಿದು ಕೂತವನಲ್ಲ, ಕತ್ತಿಯನ್ನು ಹಿಡಿದು ಒಡೆಯನ ಸಂಗಡ ನಿಂತ ವೀರನು. ಇವನು 941ರಲ್ಲಿ ಆದಿಪುರಾಣವನ್ನು ಬರೆದನು. ಅದು ಅವನ ಮತಕ್ಕೆ ಸಂಬಂಧಪಟ್ಟದ್ದು. ಮತ್ತೊಂದು ವಿಕ್ರಮಾರ್ಜುನವಿಜಯ, ಅದು ಅವನ ಒಡೆಯನಿಗೆ ಸಂಬಂಧಪಟ್ಟದ್ದು. ಅದರಲ್ಲಿ ವ್ಯಾಸರ ಭಾರತದ ಕಥೆಯನ್ನೇ ಹೇಳುತ್ತಾ ಅರ್ಜುನನೇ ಅರಿಕೇಸರಿ, ಅರಿಕೇಸರಿಯೇ ಅರ್ಜುನನು ಎಂದು ಹೊಂದಿಸಿಬಿಟ್ಟನು. ಒಡೆಯನು ಪಂಪನಿಗೆ ಧರ್ಮವುರವೆಂಬ ಅಗ್ರಹಾರವನ್ನು ದಾನವಾಗಿ ಕೊಟ್ಟನು.

ಈ ಹೊಂದಾಣಿಕೆಗಾಗಿ ಕಥೆಯನ್ನು ಎಷ್ಟು ಬಗ್ಗಿಸಬೇಕಾಯಿತೆಂಬದನ್ನು ನೋಡಿರಿ. ವ್ಯಾಸರಲ್ಲಿ ದ್ರೌಪದಿಯು ಐವರ ಹೆಂಡತಿ; ಪಂಪನಲ್ಲಿ ಅರ್ಜುನನೊಬ್ಬನ ಹೆಂಡತಿ. ಅರಸನ ಹೆಂಡತಿಯನ್ನು ಇನ್ನೂ ನಾಲ್ವರಿಗೆ ಹಂಚುವದಾದರೂ ಹೇಗೆ? ವ್ಯಾಸರಲ್ಲಿ ಯುದ್ಧವಾದ ಮೇಲೆ ಪಟ್ಟಕ್ಕೆ ಕೂರುವವನು ಧರ್ಮರಾಯನು; ಪಂಪನಲ್ಲಿ ಅರ್ಜುನನಿಗೂ ಸುಭದ್ರೆಗೂ ಪಟ್ಟವಾಗುತ್ತದೆ. ಹಾಡಿನ ಲೆಕ್ಕವೂ ದಾನದ ಲೆಕ್ಕವೂ ಸರಿಹೋಯಿತೆಂದು ಇಷ್ಟನ್ನೇ ನೋಡಿದವನು ಅಂದುಕೊಂಡಾನು. ಕವಿಯು ಮಾರಾಟವಾದನೆಂದೂ ಅಂದಾನು.

ಆದರೆ ಗ್ರಂಥವನ್ನು ಪೂರಾ ಓದಿದವನಿಗೆ ಬೇರೊಂದು ಸಂಗತಿಯು ಕಾಣಿಸುತ್ತದೆ. ಅರ್ಜುನನಿಗೆ ಎದುರಾಳಿ ಯಾರು? ಕರ್ಣನು. ಕರ್ಣನೆಂದರೆ ಹೊಳೆಯಲ್ಲಿ ತೇಲಿಬಿಡಲ್ಪಟ್ಟ ಕೂಸು, ಸೂತನ ಮನೆಯಲ್ಲಿ ಬೆಳೆದವನು, ತುಂಬಿದ ಸಭೆಯಲ್ಲಿ ಕುಲವೇನೆಂದು ಕೇಳಿಸಿಕೊಂಡು ಕುಗ್ಗಿದವನು. ಅವನಿಗೆ ಅನ್ನವನ್ನೂ ಮಾನವನ್ನೂ ಕೊಟ್ಟವನು ದುರ್ಯೋಧನನು. ನೀನು ಪಾಂಡವರ ಹಿರಿಯಣ್ಣನು, ರಾಜ್ಯವು ನಿನ್ನದೇ ಎಂದು ಕೃಷ್ಣನು ತಿಳಿಸಿದ ಮೇಲೂ ಅವನು ಉಪ್ಪಿನ ಋಣವನ್ನು ಬಿಟ್ಟುಬರಲಿಲ್ಲ. ಅಂಥವನು ಸತ್ತಾಗ ಪಂಪನು ತನ್ನ ಒಡೆಯನ ಗೆಲವನ್ನು ಹೊಗಳುತ್ತಾ ಕೂರದೆ, ಈ ಭಾರತದ ಜನರೊಳಗೆ ಎಲ್ಲರಿಗಿಂತ ಮುಂಚೆ ನೆನೆಯತಕ್ಕವನು ಕರ್ಣನೇ ಎಂಬ ಭಾವದ ಪದ್ಯವನ್ನು ಇಟ್ಟನು. ಈ ಮಾತನ್ನು ಮೊದಲು ಕೇಳಿಸಿಕೊಂಡವರು ಯಾರು? ಅರಿಕೇಸರಿಯ ಸಭೆಯವರೇ. ತಾನೇ ಅರ್ಜುನನೆಂದು ಹಿಗ್ಗುತ್ತಾ ಕೂತ ಅರಸನ ಮುಂದೆ, ಅರ್ಜುನನ ಬಾಣದಿಂದ ಬಿದ್ದವನನ್ನು ಮೊದಲು ನೆನೆಯಿರೆಂದು ಹೇಳುವದು ಸಣ್ಣ ಕೆಲಸವೆಂದು ನಮಗೆ ತೋರುವದಿಲ್ಲ.

ನಮ್ಮ ಅಭಿಪ್ರಾಯವೇನಂದರೆ, ಪಂಪನು ಒಡೆಯನಿಗೆ ಸಲ್ಲತಕ್ಕದ್ದನ್ನು ಸಲ್ಲಿಸಿದನು; ಕೆಲವು ಕಡೆ ಸಲ್ಲಬಾರದಷ್ಟನ್ನೂ ಸಲ್ಲಿಸಿದನು. ಆದರೆ ಒಂದು ಮೂಲೆಯನ್ನು ಮಾತ್ರ ಮಾರಲಿಲ್ಲ. ಮಾರದ ಆ ಮೂಲೆಯೊಳಗೆ ಅವನು ಕೂರಿಸಿದ್ದು ತನ್ನನ್ನಲ್ಲ, ತನಗೆ ಒಂದು ಹಿಡಿ ಅಕ್ಕಿಯನ್ನೂ ಕೊಡಲಾರದ, ಸೋತು ಸತ್ತ ಮನುಷ್ಯನನ್ನು. ಅವನ ನಂತರ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನೂ ಇದೇ ದಾರಿಯನ್ನು ಹಿಡಿದನು. ಒಡೆಯನಾದ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಬರೆದನಾದರೂ, ತೊಡೆಮುರಿದು ಬೀಳಲಿರುವ ದುರ್ಯೋಧನನ ದುಃಖವನ್ನು ಓದಿದವರ ಕಣ್ಣಲ್ಲಿ ನೀರು ಬರುವಂತೆ ಬರೆದನು.

ಇದು ಒಂದು ಮಾರ್ಗ. ಇದು ಬೇಡವೇ ಬೇಡವೆಂದು ಒದ್ದು ಹೊರಟವನು ಹಂಪೆಯ ಹರಿಹರನು. ಇವನು ಸುಮಾರು ಎಂಟು ನೂರು ವರುಷಗಳ ಹಿಂದೆ ಹಳೇಬೀಡಿನಲ್ಲಿ ಹೊಯ್ಸಳ ಅರಸರ ಕೈಕೆಳಗೆ ಲೆಕ್ಕ ಬರೆಯುವ ಕರಣಿಕನಾಗಿದ್ದು, ಆ ಉದ್ಯೋಗವನ್ನು ಬಿಟ್ಟು ಹಂಪೆಗೆ ಬಂದು ವಿರೂಪಾಕ್ಷನ ಸನ್ನಿಧಿಯಲ್ಲಿ ನಿಂತನೆಂದು ಹೇಳುತ್ತಾರೆ. ಮನುಷ್ಯರನ್ನು ಹೊಗಳುವದಿಲ್ಲವೆಂಬದು ಅವನ ವ್ರತವಾಗಿತ್ತು. ರಗಳೆ ಎಂಬ ಸರಳವಾದ ಪದ್ಯಜಾತಿಯಲ್ಲಿ ಶಿವಶರಣರ ಕಥೆಗಳನ್ನು ಬರೆದನು. ಅರಸರಿಗಾಗಿ ಅಲ್ಲದೆ ಸಾಮಾನ್ಯರ ಕಿವಿಗಾಗಿ ಕನ್ನಡವನ್ನು ಇಷ್ಟು ಹತ್ತಿರಕ್ಕೆ ತಂದವರು ಅವನಿಗಿಂತ ಮುಂಚೆ, ವಚನಕಾರರ ಹೊರತು, ಬಹಳ ಮಂದಿಯಿಲ್ಲ.

ಆದರೆ ವ್ರತವೂ ಒಂದೊಂದು ಸಾರಿ ಗೌಡನಿಗಿಂತ ಕಠಿಣವಾದ ಒಡೆಯನಾಗುತ್ತದೆ. ಹರಿಹರನ ಸೋದರಳಿಯನಾದ ರಾಘವಾಂಕನು ಹರಿಶ್ಚಂದ್ರನ ಕಾವ್ಯವನ್ನು ಬರೆದನು. ಸಾಯುವ ಮನುಷ್ಯನೊಬ್ಬನನ್ನು ಹೊಗಳಿದೆಯಾ ಎಂದು ಸಿಟ್ಟುಗೊಂಡ ಮಾವನು ಹೊಡೆದದ್ದರಿಂದ ಅಳಿಯನ ಐದು ಹಲ್ಲುಗಳು ಉದುರಿದವೆಂದೂ, ಅವನು ಶರಣರ ಮೇಲೆ ಐದು ಕಾವ್ಯಗಳನ್ನು ಬರೆದ ಮೇಲೆ ಹಲ್ಲುಗಳು ತಿರುಗಿ ಬಂದವೆಂದೂ ಒಂದು ಕಥೆಯುಂಟು. ಹಲ್ಲು ಬಂದದ್ದನ್ನು ನಂಬುವವರು ನಂಬಲಿ, ಬಿಡುವವರು ಬಿಡಲಿ. ನಮಗೆ ಆಶ್ಚರ್ಯವಾದದ್ದು ಬೇರೆ. ಆ ಹರಿಶ್ಚಂದ್ರನು ಯಾರು? ಕೊಟ್ಟ ಮಾತಿಗಾಗಿ ರಾಜ್ಯವನ್ನು ಕಳಕೊಂಡು, ಹೆಂಡತಿಯನ್ನೂ ಮಗನನ್ನೂ ಮಾರಿ, ತಾನು ವೀರಬಾಹುವೆಂಬ ಸುಡುಗಾಡಿನ ಒಡೆಯನಿಗೆ ಆಳಾದವನು. ತನ್ನ ಮಗನ ಹೆಣವನ್ನೇ ಹೆಂಡತಿಯು ಹೊತ್ತುತಂದಾಗ, ಒಡೆಯನಿಗೆ ಸಲ್ಲಬೇಕಾದ ತೆರೆಯನ್ನು ಕೊಡದೆ ಸುಡಕೂಡದೆಂದು ತಡೆದವನು. ಇಲ್ಲಿ ಉಪ್ಪಿನ ಋಣವೂ ಸತ್ಯವೂ ಒಂದೇ ಆಗಿ ನಿಂತವು. ಯಾಕಂದರೆ ಅವನ ಒಡೆಯನು ಅವನಿಂದ ಕೇಳಿದ್ದು ಕೆಲಸವನ್ನೇ ಹೊರತು ಸುಳ್ಳನ್ನಲ್ಲ. ಇಂಥ ಕಥೆಯನ್ನು ಬರೆದವನ ಹಲ್ಲನ್ನು ಉದುರಿಸಿದ ವ್ರತವು ಮನುಷ್ಯನ ಹೆಸರನ್ನು ನೋಡಿತು, ಮನುಷ್ಯನು ಹಿಡಿದ ಸತ್ಯವನ್ನು ನೋಡಲಿಲ್ಲ.

ಒಡೆಯನು ಕೇಳುವದು ಕೆಲಸವೋ ಸುಳ್ಳೋ ಎಂಬ ಈ ಭೇದವು ಪುಸ್ತಕದ ಮಾತಲ್ಲ. ನಮ್ಮ ಸೀಮೆಯಲ್ಲಿ ಹಾಡು ಕಟ್ಟುವದರಲ್ಲಿ ಜಾಣನಾದ ಒಬ್ಬ ಯೌವನಸ್ಥನು ಇದ್ದಾನೆ. ಗ್ರಾಮ ಪಂಚಾಯ್ತಿಯ ಚುನಾವಣೆಯು ಬಂದಾಗ ಊರಿನ ಒಬ್ಬ ದೊಡ್ಡ ಮನೆಯವನು ಅವನನ್ನು ಕರೆದು, ಆಟೋದ ಮೇಲೆ ಧ್ವನಿವರ್ಧಕವನ್ನು ಕಟ್ಟಿ ಊರೂರು ತಿರುಗುವಾಗ ಹಾಕುವದಕ್ಕೆ ತನ್ನ ಮೇಲೆ ಒಂದು ಹಾಡನ್ನು ಕಟ್ಟಿಕೊಡಬೇಕೆಂದು ಐದು ಸಾವಿರ ರೂಪಾಯಿಗಳನ್ನು ಮುಂದಿಟ್ಟನು. ಕೆರೆಯನ್ನು ಉಳಿಸಿದ ಧಣಿ ಎಂಬ ಮಾತು ಹಾಡಿನಲ್ಲಿ ಬರಲೇಬೇಕಂತೆ. ಆ ಮನುಷ್ಯನಾದರೋ ಕೆರೆಯಂಗಳವನ್ನು ಒತ್ತಿಕೊಂಡು ಹೊಲಮಾಡಿ, ಕೇರಿಯ ದನಗಳು ನೀರಿಗೆ ಇಳಿಯುವ ದಾರಿಗೆ ಬೇಲಿಹಾಕಿದವನು. ಆದರೆ ಅದೇ ಮನುಷ್ಯನ ತಂದೆಯು ಹಿಂದೊಂದು ಬರಗಾಲದ ವರುಷದಲ್ಲಿ ಈ ಯೌವನಸ್ಥನ ಅಜ್ಜನಿಗೆ ಬಡ್ಡಿಯಿಲ್ಲದೆ ಎರಡು ಚೀಲ ಬಿತ್ತನೆಯ ಜೋಳವನ್ನು ಕೊಟ್ಟಿದ್ದನು. ಆ ಜೋಳ ಇಲ್ಲದಿದ್ದರೆ ನಮ್ಮ ಮನೆಯೇ ಉಳಿಯುತ್ತಿರಲಿಲ್ಲ, ಹಾಡನ್ನು ಕಟ್ಟದಿದ್ದರೆ ಕೃತಘ್ನನಾಗುತ್ತೇನೆ, ಕಟ್ಟಿದರೆ ಸುಳ್ಳುಗಾರನಾಗುತ್ತೇನೆ, ಏನು ಮಾಡಲಿ ಅಯ್ಯನವರೇ, ಎಂದು ಅವನು ನಮ್ಮನ್ನು ಕೇಳಿದನು.

ಉಪ್ಪಿನ ಋಣವೇ ಇಲ್ಲವೆಂದು ನಾವು ಅವನಿಗೆ ಹೇಳಲಿಲ್ಲ. ಹಾಗೆ ಹೇಳುವವರು ಹಸಿದು ನೋಡದವರು. ಕರ್ಣನ ಸಂಗತಿಯನ್ನೂ ಹರಿಶ್ಚಂದ್ರನ ಸಂಗತಿಯನ್ನೂ ಹೇಳಿ, ಎರಡು ಚೀಲ ಜೋಳವು ನಿನ್ನ ಮನೆಯ ಮೇಲೆ ಇರುವ ಸಾಲವೇ ಸರಿ, ಅದು ಜೋಳದ ಸಾಲ, ಅದರ ಉಪಕಾರದ ಸಾಲ. ಕೆರೆಯು ಮಾತ್ರ ಅದರಲ್ಲಿ ಸೇರಿಲ್ಲ, ಊರಿನ ಕೆರೆಯನ್ನು ನಿನ್ನ ಸಾಲಕ್ಕೆ ಅಡವಿಡುವ ಅಧಿಕಾರವು ನಿನಗೆ ಇಲ್ಲ, ಎಂದೆವು. ಅವನು ಎರಡು ದಿವಸ ಸುಮ್ಮನಿದ್ದು ಒಂದು ಹಾಡನ್ನು ಕಟ್ಟಿದನು. ಅದರಲ್ಲಿ ಆ ಮುದುಕನ ಹೆಸರೂ ಬರಗಾಲದ ವರುಷವೂ ಎರಡು ಚೀಲವೂ ಚೀಲವನ್ನು ಹೊತ್ತುತಂದ ಎತ್ತಿನ ಬಣ್ಣವೂ ಬಂದವು. ಮಗನ ಹೆಸರು ಬರಲಿಲ್ಲ, ಕೆರೆಯೂ ಬರಲಿಲ್ಲ. ಹಣವನ್ನು ಮುಟ್ಟಲಿಲ್ಲ. ಆ ಹಾಡು ಧ್ವನಿವರ್ಧಕಕ್ಕೆ ಏರಲಿಲ್ಲವೆಂದು ಹೇಳಬೇಕಾದ ಅವಶ್ಯವಿಲ್ಲ. ಆ ವರುಷ ಆ ಮನೆಯ ಹೊಲದಲ್ಲಿ ಅವನಿಗೆ ಕೂಲಿಯೂ ಸಿಕ್ಕಲಿಲ್ಲ; ಹೆಂಡತಿಯ ಓಲೆಯನ್ನು ಅಡವಿಡಬೇಕಾಯಿತು. ಸತ್ಯವನ್ನು ಹೇಳುವದು ಸುಲಭವೆಂದು ಓದುಗರು ತಿಳಿಯದಂತೆ ಇದನ್ನೂ ಬರೆದಿದ್ದೇವೆ.

ಕೂಲಿ ತಪ್ಪುವದೆಂಬ ಈ ಭಯಕ್ಕೆ ಔಷಧವೇನೆಂದು ಯೋಚಿಸಿದವರು ವಚನಕಾರರು. ಅವರು ಯಾರ ಆಸ್ಥಾನವನ್ನೂ ಕಾದುಕೊಂಡಿರದೆ, ಜೇಡರ ದಾಸಿಮಯ್ಯನು ಮಗ್ಗವನ್ನೂ, ಅಂಬಿಗರ ಚೌಡಯ್ಯನು ಹುಟ್ಟನ್ನೂ, ನುಲಿಯ ಚಂದಯ್ಯನು ಹಗ್ಗ ಹೊಸೆಯುವ ಹುಲ್ಲನ್ನೂ ಹಿಡಿದು ಹೊಟ್ಟೆಯನ್ನು ಹೊರೆದುಕೊಂಡರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜೀವಿಸುತ್ತಿದ್ದ ಮಾರಯ್ಯನು ಒಂದು ದಿವಸ ಎಂದಿಗಿಂತ ಹೆಚ್ಚಾಗಿ ತಂದಾಗ, ಅವನ ಹೆಂಡತಿ ಲಕ್ಕಮ್ಮನು ಈ ಹೆಚ್ಚಿನದು ನಮಗೆ ಬೇಡ, ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿರಿ ಎಂದಳೆಂದು ಹೇಳುತ್ತಾರೆ. ನಮಗೆ ಈ ಹೆಂಗಸಿನ ಮೇಲೆ ಬಹಳ ಗೌರವವುಂಟು. ಇವತ್ತಿಗೆ ಸಾಕಾಗುವಷ್ಟನ್ನು ತಾನೇ ಆಯ್ದುಕೊಂಡವಳ ನಾಲಿಗೆಗೆ ಬೀಗಹಾಕುವವರು ಯಾರು? ಆಕೆಯು ಗಂಡನಿಗೂ ಬುದ್ಧಿ ಹೇಳಿದಳು, ವಚನಗಳನ್ನೂ ಬರೆದಳು.

ಹಾಗಾದರೆ ಸಂಬಳವನ್ನು ತಿಂದವನು ಸತ್ಯವನ್ನು ಆಡಲಾರನೋ? ಹಾಗೂ ಹೇಳಕೂಡದು. ಲಕ್ಕಮ್ಮನ ಕಾಲದವನೇ ಆದ ಬಸವಣ್ಣನು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದನು. ಅರಸನ ಊಳಿಗದಲ್ಲಿದ್ದುಕೊಂಡೇ ಅವನೂ ಅವನ ಸಂಗಡಿಗರೂ ಕುಲದ ಕಟ್ಟಳೆಯನ್ನು ಅಲ್ಲಾಡಿಸಿದರು. ಸಮಗಾರನ ಮಗನಿಗೂ ಬ್ರಾಹ್ಮಣನ ಮಗಳಿಗೂ ಆದ ಮದುವೆಯಿಂದ ಕಲ್ಯಾಣವು ಹೊತ್ತಿ ಉರಿಯಿತೆಂದು ಶರಣರ ಕಥೆಗಳು ಹೇಳುತ್ತವೆ. ಭಂಡಾರದ ಬೀಗದ ಕೈಯು ಸೊಂಟದಲ್ಲಿದ್ದವನು ಹೀಗೆ ಮಾಡಿದನು; ಕೈದುಡಿಮೆಯಿಂದ ಜೀವಿಸಿ ಸುಳ್ಳನ್ನೇ ಆಡುವವರನ್ನೂ ನಾವು ಬಲ್ಲೆವು.

ವೇದಪುಸ್ತಕವನ್ನು ಓದುವವರಿಗೆ ಇಲ್ಲಿ ಪ್ರವಾದಿಯಾದ ಆಮೋಸನ ನೆನಪು ಬಂದೇ ಬರುವದು. ಪ್ರವಾದಿಗಳೊಳಗೆ ಕವಿತ್ವದಲ್ಲಿ ಅವನು ಹಿಂದುಳಿದವನಲ್ಲ. ಅರಸನ ದೇವಸ್ಥಾನವಾದ ಬೇತೇಲಿನಲ್ಲಿ ನಿಂತು ಅವನು ಬಡವರ ಪರವಾಗಿ ನುಡಿದಾಗ, ಅಲ್ಲಿಯ ಯಾಜಕನಾದ ಅಮಚ್ಯನು ಅವನಿಗೆ ಮೊದಲು ನೆನಪು ಮಾಡಿದ್ದು ಅನ್ನವನ್ನೇ: ಯೆಹೂದಕ್ಕೆ ಓಡಿಹೋಗು, ನಿನ್ನ ರೊಟ್ಟಿಯನ್ನು ಅಲ್ಲಿ ಸಂಪಾದಿಸಿಕೋ ಎಂದನು. ನುಡಿಯುವವರೆಲ್ಲರೂ ರೊಟ್ಟಿಗಾಗಿಯೇ ನುಡಿಯುತ್ತಾರೆಂದು ಆ ಯಾಜಕನು ತಿಳಿದಿದ್ದನು. ತಾನು ಹಾಗಿದ್ದದರಿಂದಲೇ ತಿಳಿದಿದ್ದಿರಬೇಕು. ಆಮೋಸನಾದರೋ ತಾನು ಕುರುಬನು, ಅತ್ತಿಮರಗಳನ್ನು ನೋಡಿಕೊಳ್ಳುವವನು ಎಂದು ತನ್ನ ದುಡಿಮೆಯನ್ನೇ ಹೆಸರಿಸಿದನು. ಸಭೆಯ ಕಾಣಿಕೆಯ ಧಾನ್ಯದಿಂದ ಜೀವಿಸುವ ನಮ್ಮಂಥ ಉಪದೇಶಿಗಳು ಆ ಅಧ್ಯಾಯವನ್ನು ಓದುವಾಗ ಅಮಚ್ಯನ ಮಾತಿನ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವದು ಒಳ್ಳೇದು.

ಕನ್ನಡಕ್ಕೆ ತಿರುಗಿ ಬರೋಣ. ಕಾಗಿನೆಲೆಯ ಕನಕದಾಸರು ರಾಮಧಾನ್ಯಚರಿತೆ ಎಂಬ ಒಂದು ಸಣ್ಣ ಕಾವ್ಯವನ್ನು ಬರೆದಿದ್ದಾರೆ. ಅದನ್ನು ನಮ್ಮ ರಾಗಿಯ ಸೀಮೆಯವರು ಮನೆಮನೆಯಲ್ಲಿ ಓದಿಸಿ ಕೇಳಬೇಕು. ಭತ್ತಕ್ಕೂ ರಾಗಿಗೂ ಯಾರು ಹೆಚ್ಚೆಂದು ರಾಮನ ಮುಂದೆ ಜಗಳ. ಭತ್ತವು ತನ್ನ ಕುಲವನ್ನು ಹೇಳಿಕೊಂಡು ರಾಗಿಯನ್ನು ಹೀನಾಯ ಮಾಡುತ್ತದೆ. ರಾಗಿಯು ಸುಮ್ಮನಿರದೆ, ನೀನು ಉಳ್ಳವರ ಹಿಂದೆ ಹೋಗುವವನು, ಬರಗಾಲದಲ್ಲಿ ಜನರ ಪ್ರಾಣವನ್ನು ಉಳಿಸುವವನು ನಾನು, ಎಂದು ಎದುರಾಡುತ್ತದೆ. ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸುತ್ತಾನೆ. ಸೆರೆಬಿಟ್ಟಾಗ ಭತ್ತವು ಕಂದಿಹೋಗಿರುತ್ತದೆ, ರಾಗಿಯು ಗಟ್ಟಿಯಾಗಿರುತ್ತದೆ. ದಾಸರು ಇಲ್ಲಿ ಧಾನ್ಯದ ಮಾತನ್ನು ಮಾತ್ರ ಆಡಲಿಲ್ಲವೆಂಬದು ಓದಿದ ಯಾರಿಗೂ ಗೊತ್ತಾಗುವದು. ಯಾರ ಅನ್ನವು ಯಾರನ್ನು ಉಳಿಸುತ್ತದೆಂಬ ಲೆಕ್ಕವನ್ನೇ ಅವರು ತಿರುಗಿಸಿಬಿಟ್ಟರು. ಗೌಡನ ಉಪ್ಪನ್ನು ಆಳು ತಿನ್ನುತ್ತಾನೆ, ನಿಜ. ಆಳು ಬೆಳೆದದ್ದನ್ನು ಗೌಡನು ತಿನ್ನುತ್ತಾನಲ್ಲಾ, ಆ ಋಣವು ಯಾವ ಕಡತದಲ್ಲಿ ಬರೆದಿದೆ?

ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿಯನ್ನು ಹಿಡಿಯುತ್ತಿದ್ದ ಹೊನ್ನಮ್ಮ ಎಂಬವಳು ಹದಿಬದೆಯ ಧರ್ಮವನ್ನು ಬರೆದದ್ದು ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ. ಹೆಂಡತಿಯು ಗಂಡನಿಗೆ ಹೇಗೆ ನಡೆದುಕೊಳ್ಳಬೇಕೆಂದು ಅರಮನೆಗೆ ಒಪ್ಪುವಂಥ ಉಪದೇಶವೇ ಅದರಲ್ಲಿ ತುಂಬಿದೆ. ಆದರೆ ನಡುವೆ ಒಂದು ಕಡೆ ಆಕೆಯು, ಹೆತ್ತು ಹೊರೆದವಳು ಹೆಣ್ಣೇ ಆಗಿರಲಾಗಿ ಹೆಣ್ಣೆಂದು ಹಳಿಯುವವರು ಕುರುಡರಲ್ಲವೇ ಎಂಬ ಅರ್ಥದಲ್ಲಿ ಕೇಳಿಬಿಡುತ್ತಾಳೆ. ಪಂಪನ ಹಾಗೆ ಇವಳೂ ಒಂದು ಮೂಲೆಯನ್ನು ಉಳಿಸಿಕೊಂಡವಳು.

ಅರಸರು ಹೋದರು, ಅಥವಾ ಹೆಸರಿಗೆ ಮಾತ್ರ ಉಳಿದರು. ಉಡುಪಿಯ ಶಾಲೆಯಲ್ಲಿ ಅಂಗಸಾಧನೆಯನ್ನು ಕಲಿಸುತ್ತಿದ್ದ ನಂದಳಿಕೆಯ ಲಕ್ಷ್ಮೀನಾರಣಪ್ಪನವರು ಮುದ್ದಣನೆಂಬ ಹೆಸರಿನಿಂದ ಬರೆದು 1901ರಲ್ಲಿ, ಮೂವತ್ತೆರಡು ತುಂಬುವ ಮೊದಲೇ ಕ್ಷಯರೋಗದಿಂದ ತೀರಿಕೊಂಡರು. ತಮ್ಮ ಕಾವ್ಯಗಳನ್ನು ಯಾರೋ ಹಳೆಯ ಕವಿಯದೆಂದು ಹೇಳಿಯೇ ಮೈಸೂರಿನ ಪತ್ರಿಕೆಯವರಿಗೆ ಕಳುಹಿಸಿದ್ದರು. ಬಡ ಉಪಾಧ್ಯಾಯನ ಮಾತನ್ನು ಕೇಳುವವರು ಯಾರೆಂಬ ಭಯವಿದ್ದಿರಬೇಕು.

ಅರಸನ ಸ್ಥಳದಲ್ಲಿ ಸರಕಾರವು ಬಂದು ಕೂತಿತು. ಧಾರವಾಡದ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು ಶಾಲೆಯ ಉಪಾಧ್ಯಾಯರಾಗಿದ್ದವರು. ಅವರ ನರಬಲಿ ಎಂಬ ಕವಿತೆಯಲ್ಲಿ ರಾಜದ್ರೋಹವನ್ನು ಕಂಡ ಬ್ರಿಟಿಷ್ ಸರಕಾರವು 1930ರ ದಶಕದ ಆರಂಭದಲ್ಲಿ ಅವರನ್ನು ಸೆರೆಯಲ್ಲಿಟ್ಟಿತು. ಆಮೇಲೆ ಧಾರವಾಡದ ಹತ್ತಿರದ ಮುಗದ ಗ್ರಾಮದಲ್ಲಿ ಇರಿಸಿತು. ಅದಕ್ಕಿಂತ ಹೆಚ್ಚಿನ ಶಿಕ್ಷೆಯು ಅದರ ನಂತರ ಬಂತು: ಎಷ್ಟೋ ವರುಷ ಅವರಿಗೆ ನಿಲ್ಲುವಂಥ ಕೆಲಸವು ದೊರಕಲಿಲ್ಲ. 1944ರಲ್ಲಿ ಸೊಲ್ಲಾಪುರದ ಕಾಲೇಜಿನಲ್ಲಿ ಅಧ್ಯಾಪಕರಾಗುವ ತನಕ ಸಂಸಾರವು ಬಹಳ ಕಷ್ಟದಲ್ಲಿ ಸಾಗಿತು. ಒಡೆಯನು ಸಿಟ್ಟಾದರೆ ತಲೆಯನ್ನು ತೆಗೆಯುವದು ಹಳೆಯ ಕಾಲದ ಕ್ರಮ. ತಟ್ಟೆಯನ್ನು ತೆಗೆಯುವದು ಹೊಸ ಕಾಲದ ಕ್ರಮ. ನಮ್ಮ ಹಾಡುಗಾರ ಯೌವನಸ್ಥನಿಗೆ ಆದದ್ದೂ ಇದೇ. 1973ರಲ್ಲಿ ಬೇಂದ್ರೆಯವರಿಗೆ ಜ್ಞಾನಪೀಠ ಪ್ರಶಸ್ತಿಯು ಬಂತೆಂದು ಮಕ್ಕಳಿಗೆ ಪಾಠದಲ್ಲಿ ಕಲಿಸುವರು. ಬರಿದಾದ ತಟ್ಟೆಯ ವರುಷಗಳನ್ನೂ ಕಲಿಸುವದು ಉತ್ತಮ.

ಈಗಿನ ಕಾಲದಲ್ಲಿ ಸರಕಾರವು ಕವಿಗಳಿಗೆ ಪ್ರಶಸ್ತಿಗಳನ್ನು ಕೊಡುತ್ತದೆ. ಕರ್ನಾಟಕ ಸರಕಾರವು 1987ರಿಂದ ಕೊಡುತ್ತಿರುವ ಒಂದು ದೊಡ್ಡ ಪ್ರಶಸ್ತಿಗೆ ಪಂಪನ ಹೆಸರನ್ನೇ ಇಟ್ಟಿದ್ದಾರೆ. ಮೊದಲು ಅದನ್ನು ಪಡೆದವರು ಕುವೆಂಪುರವರು. ಅದನ್ನು ಪಡೆದ ಮತ್ತೊಬ್ಬರು, ಚಂಪಾ ಎಂದು ಜನರು ಕರೆಯುತ್ತಿದ್ದ ಚಂದ್ರಶೇಖರ ಪಾಟೀಲರು (1939–2022). 2015ನೇ ಆಗಸ್ಟ್ 30ರಂದು ವಚನಗಳ ಪಂಡಿತರಾದ ಎಂ. ಎಂ. ಕಲಬುರ್ಗಿಯವರನ್ನು ಧಾರವಾಡದ ಅವರ ಮನೆಯ ಬಾಗಿಲಲ್ಲಿಯೇ ಗುಂಡಿಟ್ಟು ಕೊಂದರು. ಕೊಂದವರನ್ನು ಹಿಡಿಯುವದರಲ್ಲಿ ಸಾವಕಾಶವಾಗುತ್ತಿದೆಯೆಂದು ಚಂಪಾರವರು ಪಂಪನ ಹೆಸರಿನ ಆ ಪ್ರಶಸ್ತಿಯನ್ನು ಸರಕಾರಕ್ಕೆ ಹಿಂದಕ್ಕೆ ಕೊಟ್ಟರು. ತಿಂದ ಮೇಲೆ ಕಕ್ಕಿದರೆ ಏನು ಪ್ರಯೋಜನವೆಂದು ಕೆಲವರು ನಕ್ಕರು. ನಮಗೆ ನಗು ಬರುವದಿಲ್ಲ. ಅಗ್ರಹಾರವನ್ನು ಇಟ್ಟುಕೊಂಡು ಕರ್ಣನನ್ನು ನೆನೆದದ್ದು ಪಂಪನ ರೀತಿ, ಸತ್ತವನಿಗಾಗಿ ಪಡೆದದ್ದನ್ನು ಹಿಂದಿರುಗಿಸಿದ್ದು ಚಂಪಾರವರ ರೀತಿ. ಇಬ್ಬರೂ ತಮಗೆ ಕೊಟ್ಟವನ ಎದುರಿಗೆ, ಇನ್ನು ಏನನ್ನೂ ಕೊಡಲಾರದವನ ಪಕ್ಕಕ್ಕೆ ಹೋಗಿ ನಿಂತರು.

ಇದುವರೆಗೆ ಹಾಡುವವರ ಋಣವನ್ನೇ ಹೇಳಿದೆವು. ಕೇಳುವವರ ಋಣವೂ ಒಂದಿದೆ. ಅದನ್ನು ರಾಘವಾಂಕನು ಹೇಳಿದಷ್ಟು ಚೆನ್ನಾಗಿ ಯಾರೂ ಹೇಳಿದ್ದನ್ನು ನಾವು ಕಾಣೆವು. ಹರಿಶ್ಚಂದ್ರನ ಮುಂದೆ ಇಬ್ಬರು ಹೊಲತಿಯರು ಬಂದು ಹಾಡುತ್ತಾರೆ. ಅವರನ್ನು ಕಳುಹಿಸಿದವನು ವಿಶ್ವಾಮಿತ್ರನು, ಅರಸನನ್ನು ಕೆಡಿಸುವದಕ್ಕೇ ಕಳುಹಿಸಿದನು, ಎಂಬದು ಇರಲಿ. ಹಾಡು ಬಹಳ ಚೆನ್ನಾಗಿತ್ತು. ಮೆಚ್ಚಿದ ಅರಸನು ಒಡವೆಗಳನ್ನು ಕೊಡಹೋದನು. ಅವರು ಒಡವೆ ಬೇಡ, ನಿನ್ನ ಬೆಳ್ಗೊಡೆಯನ್ನು ಕೊಡು, ಇಲ್ಲವೆ ನಮ್ಮನ್ನು ಮದುವೆಯಾಗು, ಎಂದರು. ಕುಲವನ್ನು ಎತ್ತಿ ಅರಸನು ಸಿಟ್ಟಾದನು. ಆಗ ಅವರು ಕೇಳಿದ ಪ್ರಶ್ನೆಯ ಸಾರವಿದು: ನಮ್ಮ ಹಾಡನ್ನು ಕೇಳಿದ ನಿನ್ನ ಕಿವಿಗೆ ಹೊಲೆಯಿಲ್ಲ, ನಮ್ಮನ್ನು ನೋಡಿದ ಕಣ್ಣಿಗೆ ಹೊಲೆಯಿಲ್ಲ, ನಮ್ಮೊಡನೆ ಮಾತಾಡಿದ ಬಾಯಿಗೆ ಹೊಲೆಯಿಲ್ಲ, ಮುಟ್ಟುವ ಮೈಗೆ ಮಾತ್ರ ಅದು ಎಲ್ಲಿಂದ ಬಂತು? ಅರಸನ ಬಳಿಯಲ್ಲಿ ಅದಕ್ಕೆ ನ್ಯಾಯವಾದ ಉತ್ತರವಿರಲಿಲ್ಲ. ಸತ್ಯಕ್ಕಾಗಿ ಹೆಂಡತಿ ಮಕ್ಕಳನ್ನು ಮಾರಿದವನಿಗೂ ಆ ಒಂದು ಸತ್ಯವು ಭಾರವಾಯಿತು. ಆ ಕಾವ್ಯದಲ್ಲಿ ಅವನನ್ನು ಮುಂದೆ ಸುಡುಗಾಡಿನ ಹೊಲೆಯನ ಆಳಾಗಿ ನಿಲ್ಲಿಸಿದ ಕವಿಯು ಈ ಪ್ರಶ್ನೆಯನ್ನು ಮರೆತಿದ್ದನೆಂದು ನಮಗೆ ತೋರುವದಿಲ್ಲ.

ಆ ಹೊಲತಿಯರ ಬಾಯಿಗೆ ಮಾತು ಕೊಟ್ಟವನು ಬೇರೆಯವನೇ. ಆ ಕೇರಿಯವರು ತಾವೇ ಲೇಖನಿಯನ್ನು ಹಿಡಿದು ಪುಸ್ತಕ ಬರೆಯುವದಕ್ಕೆ ಬಹಳ ಶತಮಾನಗಳು ಬೇಕಾದವು. ಮಾಗಡಿ ಸೀಮೆಯ ಮಂಚನಬೆಲೆಯಲ್ಲಿ ಹುಟ್ಟಿದ ಸಿದ್ಧಲಿಂಗಯ್ಯನವರು (1954–2021) ತಮ್ಮ ಹೊಲೆಮಾದಿಗರ ಹಾಡು ಎಂಬ ಪುಸ್ತಕವನ್ನು 1975ರಲ್ಲಿ ಹೊರತಂದರು. ಆ ಹಾಡುಗಳು ಪುಸ್ತಕದಲ್ಲಿ ನಿಲ್ಲದೆ ಮೆರವಣಿಗೆಗಳಲ್ಲಿ ಬಾಯಿಂದ ಬಾಯಿಗೆ ಹೋದವು. ಮುಂದೆ ಅವರು ವಿಧಾನ ಪರಿಷತ್ತಿನ ಸದಸ್ಯರಾದಾಗ, ಸರಕಾರದ ಉಪ್ಪನ್ನು ತಿಂದರೆಂದು ಅವರನ್ನು ಜರೆದವರುಂಟು. ಹಾಗೆ ಜರೆದವರೊಳಗೆ ಸರಕಾರದ ಸಂಬಳವನ್ನು ತಿನ್ನದವರು ಎಷ್ಟು ಮಂದಿಯೋ ನಾವು ಅರಿಯೆವು. ಕೇರಿಯಿಂದ ಬಂದವನು ಮಾತ್ರ ಹಸಿದೇ ಹಾಡುತ್ತಿರಬೇಕೆಂಬ ಕಟ್ಟಳೆಯನ್ನು ಯಾರು ಮಾಡಿದರು? ಹಾಡು ಬೇಕು, ಹಾಡಿದವನು ಮನೆಯೊಳಗೆ ಬೇಡವೆಂಬ ಹಳೆಯ ಬುದ್ಧಿಯೇ ಹೊಸ ಅಂಗಿಯನ್ನು ತೊಟ್ಟುಕೊಂಡು ಬಂದಿದೆಯೇನೋ ಎಂದು ನಮಗೆ ಅನುಮಾನ.

ನಮ್ಮ ಸಭೆಗಳೂ ಈ ವಿಷಯದಲ್ಲಿ ಪೂರಾ ಶುದ್ಧವಾಗಿಲ್ಲ. ಮದುವೆಯ ದಿಬ್ಬಣದ ಮುಂದೆ ಊರ ಬಾಗಿಲಿಂದ ಬಾರಿಸುತ್ತಾ ಬಂದ ತಮಟೆಯವರು ಆರಾಧನೆಯು ಮುಗಿಯುವ ತನಕ ಹುಣಿಸೆಯ ಮರದ ಕೆಳಗೆ ಕಾಯುತ್ತಾರೆ. ಊಟವು ಅವರಿಗೆ ಕೊನೆಯ ಪಂಕ್ತಿಯಲ್ಲಿ, ಕೆಲವು ಕಡೆ ಪಂಕ್ತಿಯ ಹೊರಗೆ. ಕಳೆದ ಬೇಸಗೆಯಲ್ಲಿ ಒಂದು ಸಣ್ಣ ಸಭೆಯ ಹಿರಿಯರು ತಮ್ಮೊಳಗೆ ಮಾತಾಡಿಕೊಂಡು, ಅವರನ್ನು ಮದುಮಕ್ಕಳ ಎದುರಿಗೆ ಮೊದಲನೆಯ ಪಂಕ್ತಿಯಲ್ಲಿ ಕುಳ್ಳಿರಿಸಿದರು. ಎಲೆಗೆ ಬಡಿಸಿದ ಮೇಲೂ ಅವರೊಳಗಿನ ಒಬ್ಬ ಮುದುಕನು ಬಹಳ ಹೊತ್ತು ಅನ್ನಕ್ಕೆ ಕೈಹಾಕದೆ ಪಕ್ಕದವರನ್ನು ನೋಡುತ್ತಿದ್ದನು. ಅವರು ಉಣ್ಣುವದಕ್ಕೆ ತೊಡಗಿದ ಮೇಲೆ ಅವನೂ ಉಂಡನು.